ಫೋಮ್ ಕತ್ತಿಯ ಏಟು ತಡೆಯುವುದು: ಎಷ್ಟು ಆಟ, ಎಷ್ಟು ನಿಜ

ಫೋಮ್ ಸುತ್ತಿದ ಕತ್ತಿ ಹಿಡಿದು ಆಡುವವರನ್ನು ನೋಡಿದವರು ಮೊದಲು ಕೇಳುವುದು ಒಂದೇ. ‘ಇದು ನಿಜವಾದ ಕತ್ತಿ ವರಸೆನಾ, ಇಲ್ಲಾ ಸುಮ್ನೆ ಮಕ್ಕಳಾಟನಾ?’ ಬೆಳಗಾವಿಯಲ್ಲಿ ಈ ಪ್ರಶ್ನೆ ಇನ್ನೂ ಜೋರಾಗಿ ಬರುತ್ತದೆ. ಇಲ್ಲಿನವರಿಗೆ ಕತ್ತಿ, ಢಾಲು ಹೊಸದಲ್ಲ. ಶಿವಜಯಂತಿ ಮೆರವಣಿಗೆಯಲ್ಲಿ ದಾಂಡಪಟ್ಟಾ ಬೀಸುವುದನ್ನು ಚಿಕ್ಕಂದಿನಿಂದ ನೋಡಿದವರು. ಕತ್ತಿ ಹಿಡಿದ ಸಂಗೊಳ್ಳಿ ರಾಯಣ್ಣನ ಪ್ರತಿಮೆ ನೋಡುತ್ತಲೇ ಬೆಳೆದವರು. ಅವರ ಮುಂದೆ ಯೋಗಾ ಮ್ಯಾಟ್ ಕತ್ತರಿಸಿ ಮಾಡಿದ ಕತ್ತಿ ಹಿಡಿದು ನಿಂತರೆ ಪ್ರಶ್ನೆ ಬರಲೇಬೇಕು.

ನನ್ನ ಉತ್ತರ ಇದು. ಈ ಆಟದಲ್ಲಿ ಹೆಜ್ಜೆ ನಿಜ, ಅಂತರ ನಿಜ, ಸಮಯ ನಿಜ. ಕತ್ತಿಗೆ ಕತ್ತಿ ತಾಗಿದ ಮೇಲೆ ಏನಾಗುತ್ತದೆ ಅನ್ನುವುದು ಮಾತ್ರ ನಿಜವಲ್ಲ. ಏಟು ತಡೆಯುವ ಪ್ರತಿ ಪಟ್ಟಿನಲ್ಲೂ ಒಂದಷ್ಟು ಭಾಗ ದೇಹದ ಲೆಕ್ಕ, ಒಂದಷ್ಟು ಭಾಗ ಆಟದ ನಿಯಮದ ಲೆಕ್ಕ. ಯಾವುದು ಎಷ್ಟು ಅಂತ ಬಿಡಿಸಿ ನೋಡಲು ಬಂದರೆ ಆಟವೂ ಸುಧಾರಿಸುತ್ತದೆ, ಹಳೆ ಕಾಲದ ಯುದ್ಧವೂ ಸ್ವಲ್ಪ ಅರ್ಥವಾಗುತ್ತದೆ.

ಮೊದಲು ಆಟದ ಪರಿಚಯ. ಇದು ಅಮೆರಿಕದಲ್ಲಿ ಹುಟ್ಟಿದ್ದು. ಡ್ಯಾಗರ್‌ಹಿರ್ ಅನ್ನುವ ಕೂಟ 1977ರಲ್ಲಿ ವಾಷಿಂಗ್ಟನ್ ಸುತ್ತಮುತ್ತ ಶುರುವಾಯಿತು. ಆಮ್ಟ್‌ಗಾರ್ಡ್ 1983ರಲ್ಲಿ ಟೆಕ್ಸಾಸ್‌ನ ಎಲ್ ಪಾಸೊದಲ್ಲಿ. ಡ್ಯಾಗರ್‌ಹಿರ್‌ನಿಂದ ಬೇರೆಯಾಗಿ 2001ರಲ್ಲಿ ಬೆಲೆಗಾರ್ತ್ ಬಂತು. ಕತ್ತಿಯ ಒಳಗೆ ಫೈಬರ್‌ಗ್ಲಾಸ್ ಕೋಲೋ ಪಿವಿಸಿ ಪೈಪೋ ಇರುತ್ತದೆ. ಅದರ ಸುತ್ತ ದಪ್ಪ ಫೋಮ್, ಮೇಲೆ ಬಟ್ಟೆಯ ಗವಸು. ಆಯುಧದ ಮೇಲಿನ ಟೇಪಿನ ಬಣ್ಣ ನೋಡಿದರೆ ಅದರ ಜಾತಿ ಗೊತ್ತಾಗುತ್ತದೆ. ಡ್ಯಾಗರ್‌ಹಿರ್, ಬೆಲೆಗಾರ್ತ್‌ನಲ್ಲಿ ನೀಲಿ ಅಂದರೆ ಒಂದು ಕೈಯ ಕತ್ತಿ. ಕೆಂಪು ಅಂದರೆ 48 ಇಂಚಿಗಿಂತ ಕಡಿಮೆ ಇರದ, ಎರಡು ಕೈಯಲ್ಲಿ ಬೀಸುವ ಆಯುಧ. ಹಸಿರು ತಿವಿಯಲಿಕ್ಕೆ. ಮೈಗೆ ಏಟು ಬಿದ್ದರೆ ಸತ್ತಂತೆ. ಕೈಗೆ ಬಿದ್ದರೆ ಆ ಕೈ ಬಳಸುವಂತಿಲ್ಲ. ಕಾಲಿಗೆ ಬಿದ್ದರೆ ಮೊಣಕಾಲೂರಿ ಆಡಬೇಕು. ಎರಡನೇ ಅಂಗವೂ ಹೋದರೆ ಆಟ ಮುಗೀತು. ಏಟು ಬಿತ್ತೋ ಇಲ್ಲವೋ ಅಂತ ಹೇಳುವವನು ಏಟು ತಿಂದವನೇ. ಕತ್ತಿಯಿಂದ ತಲೆಗೆ ಹೊಡೆಯುವಂತಿಲ್ಲ.

ಈಗ ತಡೆಯ ವಿಷಯ.

ಹೊಸಬರು ಅಂದುಕೊಳ್ಳುವುದು ಹೀಗೆ: ಕತ್ತಿ ಬರುತ್ತದೆ, ನಾನು ನೋಡುತ್ತೇನೆ, ಅಡ್ಡ ಹಿಡಿಯುತ್ತೇನೆ. ಇದು ನಡೆಯುವುದಿಲ್ಲ. ಕಣ್ಣು ಕಂಡದ್ದಕ್ಕೆ ಕೈ ಅಲುಗಾಡಲು ಸುಮಾರು 0.2 ಸೆಕೆಂಡ್ ಬೇಕು. ಕೈಯಳತೆಯಲ್ಲೇ ನಿಂತವನು ಬೀಸಿದ ಹಗುರ ಕತ್ತಿ ಅಷ್ಟರೊಳಗೆ ಮೈ ಮುಟ್ಟಿರುತ್ತದೆ. ಅಲಗನ್ನೇ ನೋಡುತ್ತಾ ನಿಂತರೆ ಸೋಲು ಖಚಿತ. ಅದಕ್ಕೇ ಬಲ್ಲವರು ಎದುರಾಳಿಯ ಎದೆ, ಭುಜ ನೋಡುತ್ತಾರೆ. ಕತ್ತಿಗಿಂತ ಮೊದಲು ಭುಜ ಹೊರಡುತ್ತದೆ, ಭುಜಕ್ಕಿಂತ ಮೊದಲು ಎಷ್ಟೋ ಸಲ ಕಾಲು ಹೊರಡುತ್ತದೆ. ಇನ್ನೊಂದು ಉಪಾಯ ಅಂತರ ಇಟ್ಟುಕೊಳ್ಳುವುದು. ಅವನು ಒಂದು ಹೆಜ್ಜೆ ಮುಂದಿಡದೆ ನನ್ನನ್ನು ಮುಟ್ಟಲಾರ ಅನ್ನುವಷ್ಟು ದೂರ ನಿಂತರೆ ಆ ಹೆಜ್ಜೆಯ ಸಮಯ ನನ್ನದು. ಇದು ಫೋಮ್‌ಗೂ ನಿಜ, ಉಕ್ಕಿಗೂ ನಿಜ, ದೊಣ್ಣೆಗೂ ನಿಜ. ತಾಲೀಮಿನಲ್ಲಿ ಲಾಠಿ ಕಲಿಸುವ ಉಸ್ತಾದರು ಕೋಲು ಕೊಡುವ ಮೊದಲು ತಿಂಗಳುಗಟ್ಟಲೆ ಹೆಜ್ಜೆ ಹಾಕಿಸುವುದು ಸುಮ್ನೆ ಅಲ್ಲ.

ಗುರಾಣಿ ವಿಷಯದಲ್ಲಿ ಒಂದು ಸರಳ ಲೆಕ್ಕ ಇದೆ. ಗುರಾಣಿಯನ್ನು ಎದೆಗೆ ಅವಚಿಕೊಂಡರೆ ಅದು ತನ್ನ ಅಳತೆಯಷ್ಟೇ ಜಾಗ ಮುಚ್ಚುತ್ತದೆ. ಅದನ್ನೇ ಒಂದು ಮೊಳ ಮುಂದೆ ಚಾಚಿ, ಏಟು ಹೊರಡುವ ಕಡೆಗೆ ಹಿಡಿದರೆ ಅದರ ಹಿಂದೆ ಮರೆಯಾಗುವ ಜಾಗ ಜಾಸ್ತಿ. ಎದುರಾಳಿಯ ಭುಜದಿಂದ ನೋಡಿದಾಗ ನಿನ್ನ ಮೈ ಎಷ್ಟು ಕಾಣುತ್ತದೆ ಅನ್ನುವುದೇ ಮುಖ್ಯ. ಹಾಗಾಗಿ ನಡುವೆ ಹಿಡಿಯಿರುವ, ಮುಷ್ಟಿಯಲ್ಲಿ ಹಿಡಿಯುವ ಗುರಾಣಿ ಚಿಕ್ಕದಾದರೂ ಚೆನ್ನಾಗಿ ಕಾಯುತ್ತದೆ. ಮುಂಗೈಗೆ ಪಟ್ಟಿ ಹಾಕಿ ಕಟ್ಟಿಕೊಳ್ಳುವ ಗುರಾಣಿ ಕೈಗೆ ಆಯಾಸ ಕಡಿಮೆ ಮಾಡುತ್ತದೆ, ಆದರೆ ಅಷ್ಟು ಮುಂದೆ ಚಾಚಲು ಬರುವುದಿಲ್ಲ. ನಮ್ಮ ದಖ್ಖನಿನ ದುಂಡು ಢಾಲು ಮೊದಲನೇ ಜಾತಿಯದು. ಹಿಂದೆ ಎರಡು ಹಿಡಿ, ನಡುವೆ ಬೆರಳಿನ ಗೆಣ್ಣಿಗೆ ಒಂದು ಮೆತ್ತೆ. ಹಿಡಿಗಳನ್ನು ಬಿಗಿಯುವ ಮೊಳೆಗಳನ್ನು ಮುಚ್ಚಲೆಂದೇ ಮುಂಭಾಗದಲ್ಲಿ ಆ ನಾಲ್ಕು ಗುಬ್ಬಿಗಳು. ಬಾದಾಮಿ, ಐಹೊಳೆ ಕಡೆ ಹೋದಾಗ ವೀರಗಲ್ಲು ಸಿಕ್ಕರೆ ನಿಂತು ನೋಡಿ. ಅನೇಕ ಕಲ್ಲುಗಳಲ್ಲಿ ವೀರನ ಗುರಾಣಿ ಎದೆಗೆ ಅಂಟಿಕೊಂಡಿರುವುದಿಲ್ಲ, ಮುಂದಕ್ಕೆ ಚಾಚಿರುತ್ತದೆ.

ಒಂದೇ ಒಂದು ಜೋಡಿ ಏಟನ್ನು ಹತ್ತಿರದಿಂದ ನೋಡೋಣ. ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ನಮ್ಮ ಹುಡುಗ-ಹುಡುಗಿಯರು ಬೆಳಿಗ್ಗೆ ಆಡುವಾಗ ಇದನ್ನು ಮತ್ತೆ ಮತ್ತೆ ಕಾಣುತ್ತೇನೆ. ಹೊಡೆಯುವವಳು ಬಲಗೈಯಿಂದ ಎದುರಿನವನ ಎಡ ಭುಜಕ್ಕೆ ಕತ್ತಿ ಬೀಸುತ್ತಾಳೆ. ಅವನು ಗಾಬರಿಯಲ್ಲಿ ಗುರಾಣಿಯನ್ನು ಮೂಗಿನ ಮೇಲಕ್ಕೆ ಎತ್ತುತ್ತಾನೆ. ಏಟು ಗುರಾಣಿಗೆ ಬಡಿಯುತ್ತದೆ, ಅವನಿಗೆ ಖುಷಿ. ಆದರೆ ಅವನ ಕಣ್ಣಿಗೆ ಈಗ ಕಾಣುವುದು ಗುರಾಣಿಯ ಹಿಂಬದಿ ಮಾತ್ರ. ಗುರಾಣಿಗೆ ಬಡಿದ ಕತ್ತಿ ಪುಟಿಯುತ್ತದೆ. ಆ ಪುಟಿತವನ್ನೇ ಬಳಸಿ ಅವಳು ಮಣಿಕಟ್ಟು ತಿರುಗಿಸಿ ಅದೇ ಕತ್ತಿಯನ್ನು ಎಡ ತೊಡೆಗೆ ಇಳಿಸುತ್ತಾಳೆ. ಎರಡನೇ ಏಟು ಎಲ್ಲಿಂದ ಬಂತು ಅಂತಲೇ ಅವನಿಗೆ ಗೊತ್ತಾಗುವುದಿಲ್ಲ.

ಸರಿಯಾದ ತಡೆ ಬಹಳ ಚಿಕ್ಕದು. ಗುರಾಣಿಯ ಮೇಲಂಚು ಗಲ್ಲದ ಮಟ್ಟದಲ್ಲೇ ಇರಬೇಕು. ಏಟು ಮೇಲೆ ಬಂದರೆ ಮುಷ್ಟಿಯನ್ನು ನಾಲ್ಕು ಬೆರಳಷ್ಟು ಎತ್ತಿದರೆ ಸಾಕು. ಕೆಳಗೆ ಬಂದರೆ ಗುರಾಣಿ ಬಿಟ್ಟು ಕಾಲನ್ನೇ ಹಿಂದಕ್ಕೆ ಎಳೆದುಕೊಳ್ಳುವುದು ಒಳ್ಳೆಯದು. ಕಾಲು ಎಳೆದುಕೊಂಡಾಗ ಅವಳ ಕತ್ತಿ ಕೆಳಗೆ ಖಾಲಿ ಹೋಗಿರುತ್ತದೆ, ಅವಳ ಭುಜ ತೆರೆದಿರುತ್ತದೆ. ನಿನ್ನ ಕತ್ತಿ ಆ ಹೊತ್ತಿಗೆ ಹೊರಟಿರಬೇಕು. ಬರೀ ತಡೆಯುತ್ತಾ ನಿಂತವನು ಇನ್ನೊಂದು ಏಟಿಗೆ ಕಾಯುತ್ತಾ ನಿಂತಿದ್ದಾನೆ, ಅಷ್ಟೇ.

ಕತ್ತಿಯಿಂದಲೇ ತಡೆಯುವಾಗ ಬುಡಕ್ಕೆ ಹತ್ತಿರದ ಭಾಗ ಬಳಸಬೇಕು. ಎದುರಿನವನ ತುದಿಯನ್ನು ನನ್ನ ಬುಡದಿಂದ ಹಿಡಿದರೆ ಸನ್ನೆಗೋಲಿನ ಲೆಕ್ಕದಲ್ಲಿ ಬಲ ನನ್ನ ಕಡೆ. ನನ್ನ ತುದಿಯಿಂದ ಅವನ ಏಟು ಹಿಡಿಯಲು ಹೋದರೆ ಕತ್ತಿ ಬಾಗಿ ನನ್ನ ಮೈಗೇ ಬಡಿಯುತ್ತದೆ. ಮೇಲಿಂದ ಬರುವ ಏಟಿಗೆ ಹಿಡಿಯನ್ನು ತಲೆಗಿಂತ ಮೇಲೆ ಎತ್ತಿ, ತುದಿಯನ್ನು ಓರೆಯಾಗಿ ಕೆಳಗೆ ಇಳಿಬಿಟ್ಟರೆ ಸಾಕು. ಹಂಚಿನ ಮಾಡಿನ ಮೇಲೆ ಬಿದ್ದ ಮಳೆ ನೀರಿನಂತೆ ಏಟು ಪಕ್ಕಕ್ಕೆ ಜಾರಿ ಹೋಗುತ್ತದೆ. ಅಡ್ಡಲಾಗಿ ಹಿಡಿದು ಪೂರ್ತಿ ಬಲ ತಡೆದುಕೊಳ್ಳುವ ಗೋಜೇ ಇಲ್ಲ. ಎರಡು ಕೈಯ ಕೆಂಪು ಆಯುಧದ ಮುಂದೆ ಇದು ತುಂಬಾ ಬೇಕಾಗುತ್ತದೆ. ಆ ಕೆಂಪು ಆಯುಧ ಎರಡು ಸಲ ಗಟ್ಟಿಯಾಗಿ ಬಡಿದರೆ ಗುರಾಣಿಯೇ ಮುರಿದಂತೆ ಅಂತ ನಿಯಮ ಇದೆ. ಇದನ್ನು ಕೇಳಿ ನಗುವವರಿದ್ದಾರೆ. ಆದರೆ ಮರದ ಗುರಾಣಿಗಳು ನಿಜಕ್ಕೂ ಒಡೆಯುತ್ತಿದ್ದವು. ಐಸ್‌ಲ್ಯಾಂಡಿನ ಹಳೆಯ ಕಥನಗಳಲ್ಲಿ ಬರುವ ಹೋಲ್ಮ್‌ಗಾಂಗ್ ಅನ್ನುವ ದ್ವಂದ್ವ ಯುದ್ಧದಲ್ಲಿ ಒಬ್ಬೊಬ್ಬನಿಗೆ ಮೂರು ಗುರಾಣಿ ಕೊಡುವ ಪದ್ಧತಿ ಇತ್ತು. ಒಂದು ಹೋದರೆ ಇನ್ನೊಂದು.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಹೆಚ್ಚಿನದು ದೇಹದ ಲೆಕ್ಕ. ಇನ್ನು ಮುಂದೆ ಬರುವುದು ಫೋಮ್‌ನ ಲೆಕ್ಕ.

ಮೊದಲನೆಯದು ತೂಕ. ಮಧ್ಯಯುಗದ ಯುರೋಪಿನ ಒಂದು ಕೈಯ ಕತ್ತಿ ಸಾಮಾನ್ಯವಾಗಿ 1 ಕಿಲೋಗಿಂತ ಸ್ವಲ್ಪ ಹೆಚ್ಚು. ಸಿನಿಮಾದಲ್ಲಿ ತೋರಿಸುವ ಹಾಗೆ ಐದಾರು ಕಿಲೋ ಅಲ್ಲ. ಫೋಮ್ ಕತ್ತಿ ಅದರ ಅರ್ಧದಷ್ಟೂ ಇರುವುದು ಕಷ್ಟ. ಹಗುರ ಇರುವುದರಿಂದ ಬೀಸಿದ ಏಟನ್ನು ಅರ್ಧದಲ್ಲೇ ನಿಲ್ಲಿಸಿ ಬೇರೆ ಕಡೆ ತಿರುಗಿಸಬಹುದು. ಹುಸಿ ಏಟು ಹಾಕಲು ಏನೂ ಖರ್ಚಿಲ್ಲ. ಉಕ್ಕಿನಲ್ಲಿ ಹುಸಿ ಏಟಿಗೂ ತೋಳಿನ ಬಲ ಸುರಿಯಬೇಕು, ವಾಪಸ್ ತರಲು ಸಮಯ ಬೇಕು. ಹಾಗಾಗಿ ಫೋಮ್ ಆಟದಲ್ಲಿ ತಡೆಗೆ ಸಿಗುವ ಸಮಯ ನಿಜಕ್ಕಿಂತ ಕಡಿಮೆ. ಈ ಒಂದು ವಿಷಯದಲ್ಲಿ ಆಟವೇ ಕಠಿಣ.

ಎರಡನೆಯದು ಪುಟಿತ. ನನಗೆ ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಇದೇ. ಉಕ್ಕಿನ ಅಲಗಿಗೆ ಅಲಗು ತಾಗಿದಾಗ ಒಂದರ ಬಾಯಿ ಇನ್ನೊಂದನ್ನು ಕಚ್ಚುತ್ತದೆ. ಒಂದು ಕ್ಷಣ ಎರಡೂ ಅಂಟಿಕೊಂಡು ನಿಲ್ಲುತ್ತವೆ. ಆ ಕ್ಷಣದಲ್ಲಿ ಎದುರಿನವನು ಒತ್ತುತ್ತಿದ್ದಾನಾ, ಸಡಿಲ ಬಿಟ್ಟಿದ್ದಾನಾ ಅಂತ ಕೈಗೆ ಗೊತ್ತಾಗುತ್ತದೆ. ಒತ್ತಿದರೆ ಜಾರಿಕೊಂಡು ಬೇರೆ ಕಡೆ ಹೊಡೆ, ಸಡಿಲ ಬಿಟ್ಟರೆ ನೇರ ತಿವಿ. ಜರ್ಮನಿಯ ಲೀಖ್ಟೆನವರ್ ಅನ್ನುವ ಹಳೆಯ ಗುರುವಿನ ಪರಂಪರೆಯ ಉದ್ದಗತ್ತಿ ವರಸೆಯ ಜೀವಾಳವೇ ಈ ಸ್ಪರ್ಶ. ಆ ಪರಂಪರೆ ಬರೀ ಏಟು ತಡೆಯುತ್ತಾ ನಿಲ್ಲಬೇಡ ಅಂತಲೇ ಹೇಳುತ್ತದೆ. ನಿನ್ನ ಏಟೇ ಅವನ ಏಟನ್ನು ಮುರಿಯಬೇಕು. ಫೋಮ್‌ನಲ್ಲಿ ಇದಕ್ಕೆ ಜಾಗವೇ ಇಲ್ಲ. ತಾಗಿದ ತಕ್ಷಣ ಎರಡೂ ಕತ್ತಿ ಪುಟಿದು ದೂರ ಹೋಗುತ್ತವೆ. ಕೈಗೆ ಏನೂ ಸುದ್ದಿ ಬರುವುದಿಲ್ಲ. ವರ್ಷಗಟ್ಟಲೆ ಫೋಮ್ ಆಡಿದವರು ಉಕ್ಕಿನ ಕತ್ತಿ ಹಿಡಿದಾಗ ಮೊದಲು ತಡವರಿಸುವುದು ಇಲ್ಲಿಯೇ.

ಮೂರನೆಯದು ಬಲದ ನಿಯಮ. ಡ್ಯಾಗರ್‌ಹಿರ್, ಬೆಲೆಗಾರ್ತ್‌ನಲ್ಲಿ ಏಟು ಗಟ್ಟಿಯಾಗಿ ಬಿದ್ದರೆ ಮಾತ್ರ ಲೆಕ್ಕ. ಹಗುರವಾಗಿ ತಾಗಿದರೆ ‘ಲೈಟ್’ ಅಂತ ಹೇಳಿ ಆಟ ಮುಂದುವರಿಸಬಹುದು. ಆಮ್ಟ್‌ಗಾರ್ಡ್‌ನಲ್ಲಿ ಹಗುರ ಏಟೂ ನಡೆಯುತ್ತದೆ. ಈ ಚಿಕ್ಕ ವ್ಯತ್ಯಾಸ ತಡೆಯ ಸ್ವರೂಪವನ್ನೇ ಬದಲಿಸುತ್ತದೆ. ಗಟ್ಟಿ ಏಟಿನ ಆಟದಲ್ಲಿ ಅರ್ಧ ತಡೆದರೂ ಸಾಕು. ಕತ್ತಿ ಗುರಾಣಿಯ ಅಂಚಿಗೆ ತಾಗಿ, ಬಲ ಕಳೆದುಕೊಂಡು, ಆಮೇಲೆ ಭುಜ ಸವರಿದರೆ ನೀನು ಬದುಕಿದೆ. ಹರಿತವಾದ ಅಲಗಿನ ಮುಂದೆ ಈ ಅರ್ಧ ತಡೆ ಎಷ್ಟೋ ಸಲ ಕೈಕೊಡುತ್ತದೆ. ಅದರಲ್ಲೂ ತಿವಿತಕ್ಕೆ ಬಲವೇ ಬೇಡ. ಮೈಮೇಲೆ ಕವಚ ಇಲ್ಲದಿದ್ದರೆ ತುದಿ ತಾಗಿದರೆ ಸಾಕು, ಒಳಗೆ ಹೋಗುತ್ತದೆ.

ನಮ್ಮ ನಾಡಿನ ಕತ್ತಿಯ ಮಟ್ಟಿಗೆ ಈ ನಿಯಮ ಇನ್ನೂ ದೂರ. ವಿಜಯಪುರದ ಗೋಲಗುಮ್ಮಟದ ಮುಂದೆ ನಗಾರಖಾನೆಯಲ್ಲಿ ಮ್ಯೂಸಿಯಂ ಇದೆ. ಅಲ್ಲಿ ಹಳೆಯ ಆಯುಧಗಳನ್ನು ಇಟ್ಟಿದ್ದಾರೆ. ಹಳೆ ತಲ್ವಾರ್ ಎಲ್ಲೇ ನೋಡಲು ಸಿಕ್ಕರೂ ಅದರ ಹಿಡಿಯನ್ನು ಗಮನಿಸಿ. ಹಿಡಿ ಚಿಕ್ಕದು, ಕೊನೆಗೆ ಒಂದು ದುಂಡು ಬಿಲ್ಲೆ. ಆ ಬಿಲ್ಲೆ ಮಣಿಕಟ್ಟನ್ನು ಜಾಸ್ತಿ ಬಾಗಲು ಬಿಡುವುದಿಲ್ಲ. ತೋಳು ಪೂರ್ತಿ ತಿರುಗಿಸಿ, ಬಾಗಿದ ಅಲಗನ್ನು ಮೈಮೇಲೆ ಎಳೆದು ಕೊಯ್ಯುವ ಏಟಿಗೆ ಹೇಳಿ ಮಾಡಿಸಿದ ಹಿಡಿ ಅದು. ಫೋಮ್ ಆಟದಲ್ಲಿ ಎಳೆದು ಕೊಯ್ಯುವುದಕ್ಕೆ ಬೆಲೆಯೇ ಇಲ್ಲ, ಬಡಿದರೆ ಮಾತ್ರ ಏಟು. ಇಂಥ ಕತ್ತಿ ಹಿಡಿದವರು ತಡೆಯುವ ಕೆಲಸವನ್ನು ಹೆಚ್ಚಾಗಿ ಢಾಲಿಗೇ ಬಿಡುತ್ತಿದ್ದರು, ಕತ್ತಿಯನ್ನು ಕೊಯ್ಯಲು ಮಾತ್ರ ಇಟ್ಟುಕೊಳ್ಳುತ್ತಿದ್ದರು ಅಂತ 19ನೇ ಶತಮಾನದ ಬ್ರಿಟಿಷ್ ಅಧಿಕಾರಿಗಳು ಬರೆದಿಟ್ಟಿದ್ದಾರೆ. ಅಲಗಿನ ಬಾಯಿ ಹಾಳಾಗಬಾರದಲ್ವಾ? ಅದಕ್ಕೇ ನಾನು ನಮ್ಮ ಗುಂಪಿನಲ್ಲಿ ಚಿಕ್ಕ ಢಾಲು ಹಿಡಿಯಲು ಒತ್ತಾಯ ಮಾಡುತ್ತೇನೆ. ದೊಡ್ಡ ಬಾಗಿಲಿನಂಥ ಗುರಾಣಿ ಗೆಲುವು ಕೊಡುತ್ತದೆ, ಕಲಿಸುವುದು ಕಡಿಮೆ.

ಹಾಗಂತ ಮೆತ್ತಗಿನ ಆಯುಧದಲ್ಲಿ ಆಡಿ ಕಲಿಯುವುದು ಪರದೇಶದವರ ಹೊಸ ಯೋಚನೆ ಅಂದುಕೊಳ್ಳಬೇಡಿ. ಮರಾಠಾ ಸೀಮೆಯ ಅಖಾಡಗಳಲ್ಲಿ ಫರಿ-ಗದಗಾ ಅಂತ ಇದೆ. ಚರ್ಮ ಸುತ್ತಿದ ಕೋಲು, ಚಿಕ್ಕ ಚರ್ಮದ ಢಾಲು. ಉದ್ದೇಶ ಅದೇ: ಪೂರ್ತಿ ಬೀಸಬೇಕು, ಮೂಳೆ ಮುರಿಯಬಾರದು.

ಇನ್ನು ಕೈಯ ವಿಷಯ. ಆಯುಧ ಹಿಡಿದ ಅಂಗೈಗೆ, ಬೆರಳಿಗೆ ಏಟು ಬಿದ್ದರೆ ಅದು ಆಯುಧಕ್ಕೆ ಬಿದ್ದಂತೆ ಅಂತ ಡ್ಯಾಗರ್‌ಹಿರ್, ಬೆಲೆಗಾರ್ತ್ ನಿಯಮ. ಅಂದರೆ ಮುಷ್ಟಿಯಿಂದಲೇ ಏಟು ತಡೆದರೂ ನಡೆಯುತ್ತದೆ. ಬೆರಳು ಉಳಿಯಲಿ ಅಂತ ಮಾಡಿದ ನಿಯಮ, ಒಪ್ಪುತ್ತೇನೆ. ಆದರೆ ವಾಸ್ತವದಿಂದ ಅತಿ ದೂರ ಹೋಗಿರುವ ನಿಯಮವೂ ಇದೇ. ನಿಜವಾದ ಕತ್ತಿ ಕಾಳಗದಲ್ಲಿ ಎಲ್ಲಕ್ಕಿಂತ ಮುಂದೆ ಚಾಚಿರುವುದು ಕೈ. ಎದುರಾಳಿಗೆ ಮೊದಲು ಸಿಗುವುದೂ ಅದೇ. ಕತ್ತಿಗೆ ಅಡ್ಡಪಟ್ಟಿ ಬಂದದ್ದು, ಬುಟ್ಟಿಯಂಥ ಹಿಡಿ ಬಂದದ್ದು, ಕಬ್ಬಿಣದ ಕೈಗವಸು ಬಂದದ್ದು ಎಲ್ಲಾ ಕೈ ಉಳಿಸಲಿಕ್ಕೆ. ಇಂಗ್ಲೆಂಡಿನ ಲೀಡ್ಸ್‌ನ ರಾಯಲ್ ಆರ್ಮರೀಸ್‌ನಲ್ಲಿ ಐ.33 ಅಂತ ಕರೆಯುವ ಒಂದು ಹಸ್ತಪ್ರತಿ ಇದೆ. ಸುಮಾರು 1300ರ ಆಚೀಚೆಯದು, ಉಳಿದಿರುವ ಯುರೋಪಿನ ಕತ್ತಿ ವರಸೆ ಪುಸ್ತಕಗಳಲ್ಲಿ ಅತಿ ಹಳೆಯದು. ಅದರ ಚಿತ್ರಗಳಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ಕತ್ತಿ ಹಿಡಿದ ಕೈಯೂ ಪುಟ್ಟ ಗುರಾಣಿ ಹಿಡಿದ ಕೈಯೂ ಎಷ್ಟೋ ಕಡೆ ಜೊತೆಜೊತೆಗೇ ಮುಂದೆ ಹೋಗುತ್ತವೆ. ಗುರಾಣಿ ಕಾಯುವುದು ಎದೆಯನ್ನಲ್ಲ, ಕತ್ತಿ ಹಿಡಿದ ಕೈಯನ್ನು. ಫೋಮ್ ಆಟದಲ್ಲಿ ಹಾಗೆ ಮಾಡುವವರು ಕಡಿಮೆ. ಕೈಗೆ ಭಯ ಇಲ್ಲದ ಮೇಲೆ ಅದನ್ನು ಕಾಯುವುದಾದರೂ ಯಾಕೆ?

ತಲೆಯದ್ದೂ ಇದೇ ಕಥೆ. ತಲೆಗೆ ಹೊಡೆಯುವಂತಿಲ್ಲ ಅಂದ ಮೇಲೆ ಎಲ್ಲರ ಗುರಾಣಿಯೂ ಒಂದು ಗೇಣು ಕೆಳಗಿಳಿಯುತ್ತದೆ. ಮೊಣಕಾಲೂರಿ ಕೂತವನ ಮುಂದೆ ನಿಂತವನಿಗೆ ಹೊಡೆಯಲು ಜಾಗವೇ ಸಿಗದೆ ಪರದಾಡುವುದೂ ಇದರಿಂದಲೇ. ನಿಜದಲ್ಲಿ ಅವನ ತಲೆಯೇ ಮೊದಲ ಗುರಿ. ಇಂಗ್ಲೆಂಡಿನ ಟೌಟನ್‌ನಲ್ಲಿ 1461ರಲ್ಲಿ ನಡೆದ ಯುದ್ಧದ ಒಂದು ಗೋರಿ 1996ರಲ್ಲಿ ಸಿಕ್ಕಿತು. ಅಲ್ಲಿನ ಎಲುಬುಗಳ ಮೇಲೆ ಹೆಚ್ಚಿನ ಗಾಯ ತಲೆಬುರುಡೆಯಲ್ಲೇ. ಸ್ವೀಡನ್ನಿನ ವಿಸ್ಬಿಯಲ್ಲಿ 1361ರ ಯುದ್ಧದಲ್ಲಿ ಸತ್ತವರ ಗೋರಿಗಳಲ್ಲಿ ತಲೆಯ ಜೊತೆಗೆ ಮೊಣಕಾಲಿನ ಕೆಳಗೂ ಬಹಳಷ್ಟು ಕೊಚ್ಚು ಗಾಯಗಳಿವೆ. ಅಂದರೆ ಕಾಲಿಗೆ ಹೊಡೆಯುವುದು ಫೋಮ್ ಆಟದವರ ಕಳ್ಳಾಟ ಅನ್ನುವವರ ಮಾತು ತಪ್ಪು. ಗುರಾಣಿಯ ಕೆಳಗೆ ಉಳಿಯುವ ಕಾಲಿಗೆ ಆಗಲೂ ಏಟು ಬೀಳುತ್ತಿತ್ತು. ಕಾಲು ಹೋದವನು ಮೊಣಕಾಲೂರಿ ಹತ್ತು ನಿಮಿಷ ಕಾದಾಡುತ್ತಿರಲಿಲ್ಲ, ಅಷ್ಟೇ.

ಬೇರೆ ಆಟಗಳು ಪೂರ್ತಿ ನಿಜ ಅಂತಲೂ ಅಲ್ಲ. 1966ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಎಸ್‌ಸಿಎ (ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರಾನಿಸಂ) ಕೂಟದಲ್ಲಿ ಬೆತ್ತದ ಕೋಲು, ಉಕ್ಕಿನ ಶಿರಸ್ತ್ರಾಣ. ತಲೆಗೆ ಹೊಡೆಯಬಹುದು, ಆದರೆ ಮೊಣಕಾಲಿನ ಕೆಳಗೆ ಹೊಡೆಯುವಂತಿಲ್ಲ. ಪೂರ್ತಿ ಕವಚ ತೊಟ್ಟು ಮೊಂಡು ಉಕ್ಕಿನಿಂದ ಬಡಿದಾಡುವ ಬುಹುರ್ಟ್‌ನಲ್ಲಿ ತಿವಿಯುವಂತಿಲ್ಲ. ಅಲ್ಲಿ ಎದುರಾಳಿಯನ್ನು ನೆಲಕ್ಕೆ ಕೆಡವಿದರೆ ಗೆಲುವು, ಹಾಗಾಗಿ ಅರ್ಧ ಕುಸ್ತಿ. ಆಡಿದವರು ಮನೆಗೆ ಸುರಕ್ಷಿತವಾಗಿ ಹೋಗಬೇಕಾದರೆ ಎಲ್ಲೋ ಒಂದು ಕಡೆ ನಿಜವನ್ನು ಬಿಡಲೇಬೇಕು. ಎಲ್ಲಿ ಬಿಟ್ಟಿದ್ದಾರೆ ಅನ್ನುವುದು ಮಾತ್ರ ಬೇರೆ ಬೇರೆ.

ಫೋಮ್ ಆಟ ಎಲ್ಲರಿಗಿಂತ ನಿಜಕ್ಕೆ ಹತ್ತಿರ ಬರುವುದು ಗುಂಪು ಕಾಳಗದಲ್ಲಿ. ಕವಚದ ಖರ್ಚಿಲ್ಲ, ಪೆಟ್ಟಿನ ಭಯ ಕಡಿಮೆ. ಹಾಗಾಗಿ ಎರಡೂ ಕಡೆ ಹತ್ತಾರು ಜನ ಸಾಲಾಗಿ ನಿಂತು ಪೂರ್ತಿ ವೇಗದಲ್ಲಿ ಆಡಬಹುದು. ಸಾಲಿನಲ್ಲಿ ನಿಂತಾಗ ತಡೆಯ ಅರ್ಥವೇ ಬದಲಾಗುತ್ತದೆ. ನಿನ್ನನ್ನು ಕೊಲ್ಲುವವನು ನಿನ್ನ ಎದುರು ನಿಂತವನಲ್ಲ, ಅವನ ಪಕ್ಕದವನು. ಓರೆಯಾಗಿ ಬರುವ ಆ ಈಟಿಯನ್ನು ನೀನು ನೋಡುವುದೇ ಇಲ್ಲ. ಅದನ್ನು ತಡೆಯಬೇಕಾದದ್ದು ನಿನ್ನ ಪಕ್ಕದವನ ಗುರಾಣಿ. ಎಡಗೈಯಲ್ಲಿ ಗುರಾಣಿ ಇರುವುದರಿಂದ ಪ್ರತಿಯೊಬ್ಬನ ಬಲ ಮಗ್ಗುಲು ತೆರೆದಿರುತ್ತದೆ. ಹೊಸಬರ ಸಾಲು ಆಡುತ್ತಾ ಆಡುತ್ತಾ ತಾನಾಗಿಯೇ ಬಲಕ್ಕೆ ಸರಿಯುವುದನ್ನು ನೋಡಬೇಕು. ಯಾರೂ ಹೇಳಿಕೊಟ್ಟಿರುವುದಿಲ್ಲ. ಪ್ರತಿಯೊಬ್ಬನೂ ತನ್ನ ಬಲಗಡೆಯವನ ಗುರಾಣಿಯ ಮರೆಗೆ ಸರಿಯುತ್ತಾನೆ. ಕ್ರಿಸ್ತಪೂರ್ವ 418ರ ಮಂಟಿನಿಯಾ ಯುದ್ಧದ ಬಗ್ಗೆ ಬರೆಯುತ್ತಾ ಗ್ರೀಕ್ ಇತಿಹಾಸಕಾರ ಥುಸಿಡಿಡಿಸ್ ಸೈನ್ಯಗಳು ಬಲಕ್ಕೆ ವಾಲುವುದಕ್ಕೆ ಇದೇ ಕಾರಣ ಕೊಟ್ಟಿದ್ದಾನೆ. ಟಿಳಕವಾಡಿಯ ಕಾಲೇಜು ಹುಡುಗರು ಅದನ್ನು ಓದಿರಲಿಲ್ಲ. ಅವರ ಕಾಲು ಅದನ್ನೇ ಮಾಡಿತು. ಇದನ್ನು ಮಕ್ಕಳಾಟ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ನಿಜಕ್ಕೆ ಇನ್ನಷ್ಟು ಹತ್ತಿರ ಹೋಗಬೇಕು ಅನ್ನುವವರು ಅಭ್ಯಾಸದ ಹೊತ್ತಿಗೆ ನಿಯಮ ಬದಲಿಸಿ ನೋಡಬಹುದು. ಒಂದು ದಿನ ದಪ್ಪ ಕೈಗವಸು ಹಾಕಿಕೊಂಡು ಕೈಗೆ ಬಿದ್ದ ಏಟನ್ನೂ ಲೆಕ್ಕಕ್ಕೆ ಹಿಡಿಯಿರಿ. ಮುಂದೆ ಚಾಚಿದ ಮುಷ್ಟಿಗಳು ಅರ್ಧ ಗಂಟೆಯಲ್ಲಿ ಗುರಾಣಿಯ ಹಿಂದೆ ಸರಿಯುತ್ತವೆ. ಇನ್ನೊಂದು ದಿನ ‘ಲೈಟ್’ ಅನ್ನುವುದನ್ನೇ ಬಿಡಿ, ತಾಗಿದ್ದೆಲ್ಲಾ ಏಟು ಅನ್ನಿ. ಅರ್ಧ ತಡೆಯಲ್ಲಿ ಬದುಕುತ್ತಿದ್ದವರು ಹೆಜ್ಜೆ ಹಿಂದಿಡಲು ಕಲಿಯುತ್ತಾರೆ. ಮೊಣಕಾಲೂರಿದವನ ಜೊತೆ ಆಟ ಮುಂದುವರಿಸುವ ಬದಲು ಕಾಲು ಹೋದರೆ ಅಲ್ಲಿಗೇ ಮುಗಿಸಿ. ತಲೆಯ ನಿಯಮವನ್ನು ಮಾತ್ರ ಮುಟ್ಟಬೇಡಿ. ಫೋಮ್ ಒಳಗೆ ಗಟ್ಟಿ ಕೋಲಿದೆ, ಕಣ್ಣಿಗೆ ಬಿದ್ದರೆ ಅದು ಆಟವಲ್ಲ. ಪ್ರತಿ ಸಲ ಆಡುವ ಮೊದಲು ಕತ್ತಿಯ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಒಳಗಿನ ಪೈಪು ಕೈಗೆ ಸಿಕ್ಕರೆ ಆ ಕತ್ತಿಯನ್ನು ಆವತ್ತು ಪಕ್ಕಕ್ಕಿಡಿ. ಹೊಸ ಫೋಮ್ ತುಂಡು ಸುತ್ತಿ, ಚಪ್ಪಲಿ ಹೊಲಿಯುವವರ ಹತ್ತಿರ ಸಿಗುವ ರಬ್ಬರ್ ಸೊಲ್ಯೂಷನ್ ಹಚ್ಚಿ, ಒಂದು ರಾತ್ರಿ ಒಣಗಲು ಬಿಟ್ಟು ಆಮೇಲೆ ಬಳಸಿ.